ಗದ್ಲದ ವರ್ಷ

ಅಕ್ಕನ ಮಗ ಪರೀಕ್ಷೆಗೆಂದು ಸಮಾನಾರ್ಥಕ ಪದಗಳನ್ನು ಬಾಯಿಪಾಠ ಮಾಡುತ್ತ ಕಟ್ಟೆಯ ಮೇಲೆ ಕುಂತಿದ್ದ. "ಯುದ್ಧ, ಕದನ, ಕಾಳಗ, ಸಮರ, ಸಂಗ್ರಾಮ. ಎಲ್ಲಾ ಒಂದ ಹೌದಿಲ್ಲೋ ಮಾಮಾ?" ಹೌದು ಅಂದುಬಿಟ್ಟೆ. ಎದುರಿಗೆ ಕೊಪ್ಪಳದ ಕೋಟೆಗುಡ್ಡ ಇತ್ತು. ಅದನ್ನು ನೋಡುತ್ತ ನೋಡುತ್ತ, ಹುಡುಗನಿಗೆ ಸುಳ್ಳು ಹೇಳಿದೆನಲ್ಲ ಅನ್ನಿಸಿತು.

ಆ ಗುಡ್ಡವನ್ನೇ ಕೇಳಿದರೂ ಒಂದೇ ಅನ್ನುವುದಿಲ್ಲ. 1786ರಲ್ಲಿ ಟಿಪ್ಪು ಅದನ್ನು ಪಾಳೆಯಗಾರನ ಕೈಯಿಂದ ಕಿತ್ತುಕೊಂಡು, ಫ್ರೆಂಚ್ ಎಂಜಿನಿಯರುಗಳಿಂದ ಗಟ್ಟಿ ಮಾಡಿಸಿದ. 1790–91ರಲ್ಲಿ ನಿಜಾಮನ ಮತ್ತು ಕಂಪನಿಯ ಸೈನ್ಯ ಸುತ್ತುವರಿದು ಸುಮಾರು ಆರು ತಿಂಗಳು ಕಾಯಬೇಕಾಯಿತು. ಅದು ಮುತ್ತಿಗೆ. ಬೆಲ್ಲಕ್ಕೆ ಇರುವೆ ಮುತ್ತುತ್ತದಲ್ಲ, ಅದೇ ಮುತ್ತು. ಒಳಗಿನವರ ಕಾಳು ನೀರು ತೀರಲಿ ಎಂದು ಕೂಡುವ ಕೆಲಸ. ಏಣಿ ಹಚ್ಚಿ ಗೋಡೆ ಹತ್ತಿದರೆ ಲಗ್ಗೆ. ಸೈನ್ಯ ಕಟ್ಟಿಕೊಂಡು ಪರನಾಡಿಗೆ ಹೊರಟರೆ ದಂಡೆತ್ತುವುದು. ಎದುರೆದುರು ನಿಂತು ಕಾದಿದರೆ ಕಾಳಗ.

ಕಾದುವುದು ಅಂದೆ. ಹೊಲ ಕಾದ ಅಂದರೆ ಕಾವಲಿದ್ದ. ಹೊಲಕ್ಕಾಗಿ ಕಾದಿದ ಅಂದರೆ ಬಡಿದಾಡಿದ. ನಡುವೆ ಒಂದೇ ಅಕ್ಷರ. ಎರಡರ ಧಾತು ಬೇರೆ ಎಂದು ವ್ಯಾಕರಣ ಬಲ್ಲವರು ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ನಮ್ಮ ಊರ ಅಗಸಿಯಲ್ಲಿ, ಹನುಮಪ್ಪನ ಗುಡಿಯ ಮಗ್ಗುಲಲ್ಲಿ ನಿಂತ ವೀರಗಲ್ಲುಗಳ ಮುಂದೆ ಆ ಎರಡೂ ಕೆಲಸ ಒಬ್ಬನೇ ಮಾಡಿದ್ದು ಕಾಣುತ್ತದೆ. ಕೆಳಗೆ ಹೊಡೆದಾಟ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಂತ ಅದೇ ಆಳು.

ಕನ್ನಡನಾಡಿನ ವೀರಗಲ್ಲುಗಳ ಶಾಸನಗಳಲ್ಲಿ ಇಂಥ ಹೋರಾಟಕ್ಕೆ ಬರುವ ಹೆಸರುಗಳನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ತುರುಗೋಳ್: ದನ ಹೊಡೆದುಕೊಂಡು ಹೋಗುವವರನ್ನು ಬೆನ್ನಟ್ಟಿ ಕಾದಿದ್ದು. ಊರಳಿವು: ಊರೇ ಹಾಳಾಗುವ ಹೊತ್ತಿನಲ್ಲಿ ನಿಂತದ್ದು. ಪೆಣ್ಬುಯ್ಯಲ್: ಹೆಣ್ಣುಮಕ್ಕಳ ಕೂಗು ಕೇಳಿ ಓಡಿದ್ದು. ಈ ಮಾತುಗಳಲ್ಲಿ ಅರಸನಿಲ್ಲ, ಗೆಲುವಿಲ್ಲ. ಕೈಬಿಟ್ಟು ಹೋಗುತ್ತಿದ್ದುದು ಯಾವುದೋ ಅದರ ಹೆಸರೇ ಕಾಳಗಕ್ಕೂ ಬಂದಿದೆ. ಆಕಳು, ಊರು, ಒಂದು ಕೂಗು.

ದೊಡ್ಡ ಯುದ್ಧಗಳಿಗೂ ಜನ ಇಟ್ಟ ಹೆಸರು ಹೀಗೆಯೇ. 1565ರ ಜನವರಿಯ ಕಾಳಗ ತಾಳಿಕೋಟೆಯದೋ ರಕ್ಕಸತಂಗಡಗಿಯದೋ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಗಂಗಾವತಿಯಿಂದ ಆನೆಗೊಂದಿಗೆ ಬಂದು ಹೊಳೆ ದಾಟುವವರಿಗೆ ಆ ವಾದ ಬೇಕಿಲ್ಲ. ಆ ಕಾಳಗದ ಬೆನ್ನಿಗೇ ಹಾಳಾದ ಊರನ್ನು ಅವರು 'ಹಾಳು ಹಂಪಿ' ಅನ್ನುತ್ತಾರೆ. ಆ 'ಹಾಳು' ಎಂಬ ಎರಡಕ್ಷರದಲ್ಲಿ ಯುದ್ಧ ಪೂರ್ತಿ ಬಂತು.

ಆಳುವವರು ಇಡುವ ಹೆಸರಿನ ದಾರಿ ಬೇರೆ. 1858ರಲ್ಲಿ ಕಂಪನಿಯ ವಿರುದ್ಧ ಎದ್ದ ಮುಂಡರಗಿ ಭೀಮರಾಯ ಇದೇ ಕೊಪ್ಪಳದ ಕೋಟೆಯಲ್ಲಿ ಸತ್ತ. ಕಂಪನಿಯವರಿಗೆ ಅದು ದಂಗೆ, ನಮಗೆ ಇಂದು ಸ್ವಾತಂತ್ರ್ಯ ಸಂಗ್ರಾಮ. ಎರಡು ಹೆಸರಿನಲ್ಲೂ ಸತ್ತವನು ಅದೇ ಭೀಮರಾಯ. ಅವನನ್ನು ಹುತಾತ್ಮ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ, ಆದರೂ ಆ ಹೆಸರು ಬರಲು ಆಳುವವರು ಬದಲಾಗಬೇಕಾಯಿತು.

ಇನ್ನು 1948. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಲ್ಲ ಆಗ ನಿಜಾಮನ ಸೀಮೆ. ನಿಜಾಮನ ಪರ ನಿಂತಿದ್ದ ರಜಾಕಾರರ ಕಾಟ ತಾಳದೆ ಜನ ಗಡಿ ದಾಟಿ ಗಜೇಂದ್ರಗಡ, ಮುಂಡರಗಿಯ ಕಡೆ ಹೋದರು. ಅಲ್ಲಿ ಹೋರಾಟದ ಶಿಬಿರಗಳಿದ್ದವು. ಮುಂಡರಗಿಯದನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಡೆಸಿದರು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಟ್ಯಾಂಕುಗಳೊಡನೆ ಹೈದರಾಬಾದ್ ಸಂಸ್ಥಾನವನ್ನು ಹೊಕ್ಕಿತು. ಐದನೆಯ ದಿನ ನಿಜಾಮ ಮಣಿದ. ಅದರ ಹೆಸರು 'ಪೊಲೀಸ್ ಆಕ್ಷನ್'. ಹೈದರಾಬಾದು ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಯುದ್ಧ ಅಂದರೆ ಅದು ಬೇರೆ ದೇಶವೆಂದು ಒಪ್ಪಿದಂತೆ. ಹಾಗಾಗಿ ಟ್ಯಾಂಕಿಗೂ ಪೊಲೀಸರ ಹೆಸರು ಬಂತು. ಮುಂದೆ ಸರ್ಕಾರದ ಬಾಯಲ್ಲಿ ಅದು 'ವಿಮೋಚನೆ' ಆಯಿತು. ಬಿಡುಗಡೆ ಆದದ್ದು ನಿಜ, ಅದಕ್ಕಾಗಿ ಜೀವ ಕೊಟ್ಟವರ ಋಣ ನಮ್ಮ ಮೇಲಿದೆ.

ನಮ್ಮಜ್ಜಿ ಮಾತ್ರ ಕೊನೆಯವರೆಗೂ ಅಂದದ್ದು 'ಗದ್ಲ'. "ನಿಮ್ಮವ್ವ ಗದ್ಲದ ವರ್ಷದ ಕೂಸು" ಅನ್ನುತ್ತಿದ್ದಳು. "ಜೋಳ ಹಗೇವಿನಾಗ ಹಾಕಿ, ಬಾಯಿಗೆ ಬಂಡೆ ಮುಚ್ಚಿ, ಸೆಗಣಿ ಸಾರಿಸಿ ಗಜೇಂದ್ರಗಡಕ್ಕ ಹೋದ್ವಿ. ಬಂದು ನೋಡಿದ್ರ ಒಂದು ಕಾಳಿಲ್ಲ." ನೆರೆಮನೆಯ ಪಿಂಜಾರರ ಮುದುಕಿಯೂ ಅದೇ ಮಾತು ಆಡುತ್ತಿದ್ದಳು, ಗದ್ಲ. ಅವಳದು ಆಕ್ಷನ್ ಆದಮೇಲಿನ ಕತೆ. ಆಗ ಸಂಸ್ಥಾನದಲ್ಲಿ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿ ಬರೆದಿಟ್ಟಿತು, ಆ ವರದಿ ದಶಕಗಟ್ಟಲೆ ಹೊರಗೇ ಬರಲಿಲ್ಲ. ಪುಸ್ತಕದಲ್ಲಿ ಇಬ್ಬರಿಗೂ ಬೇರೆ ಬೇರೆ ಪಾಠ. ಓಣಿಯಲ್ಲಿ ಇಬ್ಬರಿಗೂ ಒಂದೇ ಶಬ್ದ ಸಾಕಾಗಿತ್ತು.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಟಿಪ್ಪು, ಟ್ಯಾಂಕು ಎಲ್ಲ ಸುಮ್ಮನೆ ಕೇಳಿಕೊಂಡ. ಆಮೇಲೆ, "ಹಗೇವು ಅಂದ್ರ ಏನು ಮಾಮಾ? ಹಗೆ ಅಂದ್ರ ವೈರಿ ಅಂತ ಓದೀನಿ" ಅಂದ.

ಭಾನುವಾರ ಅವನನ್ನು ಕರೆದುಕೊಂಡು ಕುಷ್ಟಗಿ ಬಸ್ಸು ಹತ್ತಿದೆ. ಹಳೆಮನೆಯ ಅಂಗಳದಲ್ಲಿ ಆ ಬಂಡೆ ಇನ್ನೂ ಇದೆ, ಅದರ ಮೇಲೆ ಈಗ ಕಳ್ಳಿ ಬೆಳೆದಿದೆ. ಇಬ್ಬರೂ ಹಿಡಿದು ಒಂದು ಬದಿ ಎತ್ತಿದೆವು. ಒಳಗಿನಿಂದ ತಣ್ಣಗೆ, ಹಳೆಯ ಜೋಳದ ವಾಸನೆ ಬಂತು.