ವಾದ್ಯದ ಸ್ವಂತ ಸದ್ದು

ತಮ್ಮ ಕಾಯವನ್ನೇ ವಾದ್ಯವಾಗಿಸಿ ನುಡಿಸೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡಿದ ವಚನವನ್ನು ಚಿಂತಿಸುವಾಗಲೆಲ್ಲ ನನಗೆ ತಂದೆಯವರ ಹಳೆಯ ಆಂಪ್ಲಿಫೈಯರ್ ನೆನಪಾಗುತ್ತದೆ. ವಾದ್ಯಕ್ಕೆ ಸ್ವಂತ ಸದ್ದಿರಬಾರದೆಂಬುದು ನಾನು ಆ ವಚನದಲ್ಲಿ ಕಂಡ ಅರ್ಥ.

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ದುಡಿದು ತಂದೆಯವರ ಕಿವಿ ಮಂದವಾಗಿತ್ತು. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಕೇಳಲು ಧ್ವನಿ ಏರಿಸಿದರೆ ಗುಂಯ್ ಎಂಬ ಸದ್ದೂ ಏರುತ್ತಿತ್ತು. ಕ್ಷೀಣ ಸಂಕೇತವನ್ನು ಹದಗೊಳಿಸುವ ಪ್ರೀಆಂಪ್, ಸ್ಪೀಕರಿಗೆ ಬಲವೀಯುವ ಪವರ್ ಆಂಪ್, ಟ್ರಾನ್ಸ್‌ಫಾರ್ಮರ್ ಮೂರೂ ಒಂದೇ ಪೆಟ್ಟಿಗೆಯಲ್ಲಿದ್ದುವು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಪಕ್ಕದ ಪ್ರೀಆಂಪಿಗೆ ಸೋಂಕುತ್ತಿತ್ತು. ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅದನ್ನು ರೆಸಿಸ್ಟರಿನ ಮೂಲಕ ಬರಿದುಮಾಡಿ, ಪ್ರೀಆಂಪನ್ನು ಬಿಡಿಸಿ, ಪ್ರತ್ಯೇಕ ವಿದ್ಯುತ್ ಸರಬರಾಜಿನೊಡನೆ ಬೇರೊಂದು ಲೋಹದ ಪೆಟ್ಟಿಗೆಯಲ್ಲಿ ಕೂರಿಸಿದೆ. ಎರಡನ್ನೂ ಕವಚವುಳ್ಳ ತಂತಿಯಿಂದ ಬೆಸೆದೆ.

ಸದ್ದು ಇಮ್ಮಡಿಯಾಯಿತು! ಬೇರ್ಪಡಿಸಿದೆನೆಂದು ಬೀಗಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಪೆಟ್ಟಿಗೆಗಳೆರಡೂ ಗೋಡೆಯ ಬೇರೆ ಬೇರೆ ಸಾಕೆಟ್ಟುಗಳ ಮೂಲಕ ಭೂಮಿಯನ್ನು ಮುಟ್ಟಿ, ನಡುವಣ ತಂತಿಯೊಡನೆ ಒಂದು ಸುತ್ತು ಏರ್ಪಟ್ಟಿತ್ತು. ಅರ್ಥಿಂಗ್ ಕಿತ್ತರಾಯಿತೆನ್ನುವವರುಂಟು, ಅದು ಪ್ರಾಣಕ್ಕೆ ಎರವು. ಎರಡನ್ನೂ ಒಂದೇ ಪ್ಲಗ್ ಪಟ್ಟಿಗೆ ಜೋಡಿಸಿದಾಗ ಸದ್ದು ಅಡಗಿತು.

ಅಂದು ಸಂಜೆ ತಂದೆಯವರು ಕಣ್ಣುಮುಚ್ಚಿ ಕೇಳುತ್ತ ಕುಳಿತರು. ಲಿಂಗಪೂಜೆಗೆ ಹೊತ್ತಾಯಿತೆಂದು ನಾನೇ ಎಬ್ಬಿಸಬೇಕಾಯಿತು.