ಕೇಳಿಸಿತೇ?

ಹೊಸನಗರದ ಮಳೆಗಾಲದಲ್ಲಿ ತಗಡಿನ ಮಾಡಿನಡಿ ಟಿ.ವಿ.ಯ ಮಾತು ಕೇಳಿಸುವುದೇ ದುಸ್ತರ. ತಾಳಮದ್ದಲೆಯೆಂದರೆ ಊಟ ಮರೆಯುತ್ತಿದ್ದ ನನ್ನ ಮಡದಿ ಈಚೆಗೆ ಅದನ್ನು ನೋಡುವುದನ್ನೇ ಬಿಟ್ಟಿದ್ದಳು. ಆಸಕ್ತಿ ಕುಂದಿತೆಂದು ತಿಳಿದಿದ್ದೆ. ಕಿವಿ ಮಂದವಾದುದನ್ನು ಆಕೆ ಹೇಳಿಕೊಂಡಿರಲಿಲ್ಲ. ತರಗತಿಯಲ್ಲಿ ಕೊನೆಯ ಬೆಂಚಿನ ನಿಮ್ಮನ್ನೆಲ್ಲ ‘ಕೇಳಿಸಿತೇ?’ ಎಂದು ವಿಚಾರಿಸುತ್ತಿದ್ದ ನಾನು ಮನೆಯಲ್ಲಿ ವಿಚಾರಿಸಿಯೇ ಇರಲಿಲ್ಲ.

ಸಬ್‌ವೂಫರ್ ದೊಡ್ಡದಿರಲೆಂದು ತೀರ್ಥಹಳ್ಳಿಯ ಅಳಿಯಂದಿರ ಸಲಹೆ. ಸಾಗರದ ಅಂಗಡಿಯಲ್ಲಿ 2.1 ಸೌಂಡ್‌ಬಾರ್ ಮದ್ದಳೆಯನ್ನು ಗುಡುಗಿಸಿತು, ಮಾತನ್ನು ಮುಳುಗಿಸಿತು. 3.1ರಲ್ಲಿ ಮಾತಿಗೆಂದೇ ನಡುವೆ ಇನ್ನೊಂದು ಸ್ಪೀಕರ್. ನಾವು ಒಯ್ದಿದ್ದ ಪ್ರಸಂಗವನ್ನೇ ತಗ್ಗಿದ ಧ್ವನಿಯಲ್ಲಿ ಹಾಕಿಸಿದೆ. ಅರ್ಥಧಾರಿಯ ಚಾಟೂಕ್ತಿಗೆ ಆಕೆ ಫಕ್ಕನೆ ನಕ್ಕಳು. ಬೆಲೆ ವಿಚಾರಿಸುವ ಮೊದಲೇ ಆಯ್ಕೆ ಮುಗಿದಿತ್ತು.

ಟಿ.ವಿ.ಯ ಎಚ್‌ಡಿಎಂಐ ಎಆರ್‌ಸಿ ಕಿಂಡಿಗೆ ಒಂದೇ ತಂತಿ. ಹಳೆಯ ರಿಮೋಟಿನಿಂದಲೇ ಧ್ವನಿಯನ್ನು ಈಗ ಆಕೆಯೇ ಏರಿಸುತ್ತಾಳೆ.