ಪಕ್ಕದ ಶೆಡ್ಡಿನ ಸದ್ದು

ಅತ್ತಿಬೆಲೆಯ ಹೊಲಗಳಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲಕ್ಕೆ ನಮಗೆ ಸಿನಿಮಾ ಎಂದರೆ ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್. ಗಡಿ ದಾಟಿ ಹೊಸೂರಿಗೆ ಹೋದರೆ ರಜನಿಕಾಂತ್. ಗಿರೀಶ್ ಕಾಸರವಳ್ಳಿಯವರ ‘ಮನೆ’ಯನ್ನು ನಾನು ನೋಡಿದ್ದು ಟೀವಿಯಲ್ಲಿ. ಹಳ್ಳಿಯಿಂದ ಬಂದ ಗಂಡ ಹೆಂಡತಿ ನಗರದಲ್ಲಿ ಬಾಡಿಗೆಗೆ ಸೇರುತ್ತಾರೆ, ಪಕ್ಕದ ಶೆಡ್ಡಿನ ಸದ್ದಿಗೆ ನಿದ್ದೆ ಕೆಡುತ್ತದೆ. ನಮ್ಮ ಮನೆಯ ಹಿಂದೆಯೂ ಲೇತ್ ಶೆಡ್ ಇತ್ತು, ರಾತ್ರಿಯಿಡೀ ಕಬ್ಬಿಣ ಕೊಯ್ಯುತ್ತಿತ್ತು. ಆ ಸದ್ದೂ ಸಿನಿಮಾಕ್ಕೆ ವಸ್ತುವಾದೀತೆಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕಾಸರವಳ್ಳಿ ತೀರ್ಥಹಳ್ಳಿ ಸೀಮೆಯವರು. ಮಣಿಪಾಲದಲ್ಲಿ ಫಾರ್ಮಸಿ ಓದಿ, ಆ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಆ ದಿನಗಳಲ್ಲಿ ಅವರ ಮನಸ್ಸಿಗೆ ನಾಟಿದ ಚಿತ್ರಗಳಲ್ಲಿ ಜಪಾನಿನ ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953) ಒಂದು. ವಯಸ್ಸಾದ ಅಪ್ಪ ಅಮ್ಮ ಮಕ್ಕಳನ್ನು ನೋಡಲು ಟೋಕಿಯೊಗೆ ಬರುತ್ತಾರೆ. ಮಕ್ಕಳು ದುಷ್ಟರಲ್ಲ, ಪುರುಸೊತ್ತಿಲ್ಲದವರು. ಕ್ಯಾಮೆರಾ ಚಾಪೆಯ ಮೇಲೆ ಕೂತವರ ಮಟ್ಟದಲ್ಲೇ ಇರುತ್ತದೆ, ಅಲುಗಾಡುವುದು ಅಪರೂಪ.

ಮೆಚ್ಚಿದ ಚಿತ್ರವನ್ನು ಕಥೆ ಸಮೇತ ಎತ್ತಿಕೊಂಡವರು ಬೇಕಾದಷ್ಟು ಜನ. ಕಾಸರವಳ್ಳಿ ಕಥೆಗಳನ್ನು ಕನ್ನಡದಿಂದಲೇ ಆರಿಸಿಕೊಂಡರು: 1977ರ ‘ಘಟಶ್ರಾದ್ಧ’ಕ್ಕೆ ಅನಂತಮೂರ್ತಿ, 2002ರ ‘ದ್ವೀಪ’ಕ್ಕೆ ನಾ. ಡಿಸೋಜ. ಎರಡಕ್ಕೂ ಸ್ವರ್ಣಕಮಲ ಬಂತು. ಓಜು ಅವರಿಂದ ಅವರಿಗೆ ದಕ್ಕಿದ್ದು, ನಾನು ತಿಳಿದಂತೆ, ಅವಸರವಿಲ್ಲದೆ ಒಂದು ಮನೆಯೊಳಗೆ ಕೂತು ನೋಡುವ ಧೈರ್ಯ. ‘ದ್ವೀಪ’ದಲ್ಲಿ ಅಣೆಕಟ್ಟಿನ ನೀರು ಏರುತ್ತಿರುವಾಗಲೂ ನಮ್ಮ ಕಣ್ಣು ಆ ಒಂದು ಕುಟುಂಬದ ಮೇಲಿರುತ್ತದೆ, ಮುಳುಗಡೆ ಎಂದರೇನೆಂದು ಗೊತ್ತಾಗುವುದು ಅದರಿಂದಲೇ.

ನಮ್ಮ ಲೇತ್ ಶೆಡ್ಡಿನ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ರೂಮುಗಳಿವೆ. ಯಾದಗಿರಿ, ಒಡಿಶಾ ಕಡೆಯ ಹುಡುಗರು ಒಂದೇ ರೂಮಿನಲ್ಲಿ ಶಿಫ್ಟ್ ಪ್ರಕಾರ ಮಲಗುತ್ತಾರೆ. ಊರಿಂದ ಅಪ್ಪ ಅಮ್ಮ ಬಂದರೆ ಮಗ ಡ್ಯೂಟಿಗೆ ಹೋಗಲೇಬೇಕು, ರಜೆ ಹಾಕಿದರೆ ಸಂಬಳ ಕಟ್. ಅವರು ಮೆಟ್ಟಿಲ ಮೇಲೆ ಕೂತು ಹೊತ್ತು ಕಳೆಯುತ್ತಾರೆ. ಓಜು ಹೇಳಿದ ಕಥೆಯೇ, ಬಡತನ ಮಾತ್ರ ಹೆಚ್ಚು.

ಈ ರೂಮುಗಳಲ್ಲಿ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವ ಹುಡುಗರೂ ಇದ್ದಾರೆ. ಅವರಿಗೆ ‘ಓಂ’, ‘ಕೆಜಿಎಫ್’ ಪ್ರಾಣ. ಅದರಲ್ಲಿ ತಪ್ಪೇನಿಲ್ಲ. ಆದರೆ ಜಯಂತ ಕಾಯ್ಕಿಣಿಯವರ ಕಥೆ ಆಧರಿಸಿ ಕಾಸರವಳ್ಳಿ 2020ರಲ್ಲಿ ಮಾಡಿದ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಇವರಿಗೊಮ್ಮೆ ದೊಡ್ಡ ಪರದೆಯಲ್ಲಿ ತೋರಿಸಬೇಕೆಂಬ ಆಸೆ ನನ್ನದು. ಬೆಳಗಿನ ಆಟವೇ ಆಗಬೇಕು, ನೈಟ್ ಶಿಫ್ಟ್ ಮುಗಿಸಿದವರೂ ಬರುವಂತೆ.